ಏಳು ಎಲೆಗೆ ನಾಲ್ಕು ಆಟೀನು

"ಕೈಯಲ್ಲಿ ನೆಟ್ಟಗೆ ಒಂದು ರಾಜ ಇಲ್ಲ, ನಾಲ್ಕು ಕೂಗಿಬಿಟ್ರಲ್ಲ! ತಲೆ ಸರಿ ಇದೆ ತಾನೆ?"

ರೊಲ್ಲಿಗೆ ಲಿಂಚೆ ಆಡಿದ ಮೊದಲ ಮಾತೇ ಇದು. ತೊಂದಾನೋ ಊರಿನ ಚರ್ಚ್ ಹಾಲ್‌ನಲ್ಲಿ ಶನಿವಾರದ ಬ್ರಿಜ್ ಇಸ್ಪೀಟಾಟ ನಡೆದಿತ್ತು. ಹತ್ತು ವರ್ಷ ಅವಳ ಎದುರಿಗೆ ಜೊತೆಗಾರರಾಗಿ ಕೂತಿದ್ದವರು ಅವಳ ಅಪ್ಪ, ಊರಿಗೇ ಮಾವನಾದ ಓಮ್ ಬೆರ್ತಿ. ಈಗ ಅವರ ಕೈ ನಡುಗಿ ಎಲೆ ನಿಲ್ಲುವುದಿಲ್ಲ. ಆ ಕುರ್ಚಿಗೆ ಬಂದವನು ಲವಂಗದ ಗೋದಾಮಿನಲ್ಲಿ ತೂಕ ನೋಡುವ ಈ ಹೊಸಬ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಯಾರೂ ಹೇಳಿಕೊಡ್ಲಿಲ್ವಾ?"

"ಹೇಳಿದ್ರು ನೊನಿ. ಆದ್ರೆ ಈ ಆಟದಲ್ಲಿ ಕೈ ಬಡವಾಗಿದ್ದಾಗ್ಲೇ ಮೊದ್ಲು ಎತ್ತರಕ್ಕೆ ಕೂಗ್ಬೇಕು. ಎದುರಿನವರಿಗೆ ಮಾತಾಡೋಕೆ ಜಾಗ ಇರಬಾರ್ದು. ಕೂಗಿದ ಮೇಲೆ ಬಾಯಿ ಮುಚ್ಕೊಂಡು ಕೂರ್ಬೇಕು. ಆಮೇಲಿಂದು ಜೊತೆಗಾರರ ಇಷ್ಟ."

ಊರಿನ ಹುಡುಗಿಯರನ್ನೆಲ್ಲ ಕರೆಯುವ ಹಾಗೆ 'ನೊನಿ' ಎಂದು ಅವನು ನಕ್ಕ. ಲಿಂಚೆಗೆ ಸಿಟ್ಟು ಬಂತು. ಆ ನಗು ಮನೆಯವರೆಗೂ ಜೊತೆಗೆ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮೂರನೇ ಶನಿವಾರ ಗಂಜಿ ಅಂಗಡಿಯಲ್ಲಿ, ಮುಂದಿದ್ದ ತಿನುತುವಾನ್ ತರಕಾರಿ ಗಂಜಿ ಆರುವ ಮೊದಲೇ ಅವನು ಕೇಳಿಬಿಟ್ಟ.

"ನನ್ನನ್ನ ಮದುವೆ ಆಗ್ತೀರಾ?"

ಲಿಂಚೆಗೆ ಗಂಟಲಲ್ಲಿ ಕುಂಬಳದ ಹೋಳು ಸಿಕ್ಕಿಕೊಂಡಿತು. ಅವನು ನೀರು ಕೊಟ್ಟ, ತನ್ನ ಗಂಜಿ ಮುಗಿಸಿದ, ಎದ್ದು ಹೋದ. ಆಮೇಲೆ ನಾಲ್ಕು ತಿಂಗಳು ಆ ವಿಷಯ ಎತ್ತಲೇ ಇಲ್ಲ!

ಅವಳಿಗೆ ಅವನು ಇಷ್ಟವಾಗಿದ್ದ. ಅದೇ ಅವಳ ಸಂಕಟ. 'ನಿಜವಾಗಿ ಬೇಕಿದ್ದರೆ ಇನ್ನೊಂದು ಸಲ ಕೇಳುತ್ತಿರಲಿಲ್ಲವೇ? ಅಪ್ಪನ ಕುರ್ಚಿ ಗಟ್ಟಿ ಮಾಡಿಕೊಳ್ಳಲು ಎಸೆದ ಗಾಳವೇ ಅದು?' ಅನುಮಾನ ಒಮ್ಮೆ ಒಳಗೆ ಬಂದರೆ ಚಾಪೆ ಹಾಸಿಕೊಂಡು ಮಲಗುತ್ತದೆ. ಲಿಂಚೆಯಂತೂ ಅದಕ್ಕೆ ದಿಂಬೂ ಕೊಟ್ಟಳು.

ಜಕಾರ್ತಾದ ದೊಡ್ಡ ಪಂದ್ಯಕ್ಕೆ ಹೋಗುವ ಜೋಡಿಯ ಆಯ್ಕೆಗೆ ಒಂದೇ ದಿನ ಉಳಿದಿತ್ತು. ಮಗಳು ಅಲ್ಲಿ ಆಡುವುದನ್ನು ನೋಡಬೇಕೆಂಬುದು ಓಮ್ ಬೆರ್ತಿಯ ಒಂದೇ ಆಸೆ. ಆ ಸಂಜೆ ಮಾರುಕಟ್ಟೆಯಲ್ಲಿ ಒಣಮೀನಿನ ಅಂಗಡಿಯ ಹಿಂದೆ ಲಿಂಚೆ ರೊಲ್ಲಿಯನ್ನು ಕಂಡಳು. ಅವನು ನೀಲಿ ಗೆರೆಯ ಎರಡು ಹಾಳೆಗಳನ್ನು ತಾಂತೆ ಅಲ್ಚೆಯ ಕೈಗಿಡುತ್ತಿದ್ದ.

ಊರವರು ತಾಂತೆ, ಅಂದರೆ ಅತ್ತೆ, ಎನ್ನುವ ಅಲ್ಚೆ ನಾಳೆಯ ಎದುರಾಳಿ. ಆ ಹಾಳೆ ಲಿಂಚೆ, ರೊಲ್ಲಿ ಇಬ್ಬರ ಪುಸ್ತಕದ್ದು. ಯಾವ ಕೈಗೆ ಎಷ್ಟು ಕೂಗಬೇಕೆಂದು ಇಬ್ಬರೂ ಕೂತು ಬರೆದದ್ದು. ಬಡ ಕೈಯಲ್ಲಿ ಒಂದೇ ಬಣ್ಣದ ಏಳು ಎಲೆ ಇದ್ದರೆ ಮೂರು, ಎಂಟು ಇದ್ದರೆ ನಾಲ್ಕು.

'ಮಾರಿಬಿಟ್ಟ... ನಮ್ಮನ್ನು ಮಾರಿಬಿಟ್ಟ.'

ಮರುದಿನ ಆಟ ಕೊನೆಯ ಕೈಗೆ ಬಂದಾಗ ಲಿಂಚೆಯ ಜೋಡಿ ಇನ್ನೂರು ಅಂಕವಷ್ಟೇ ಮುಂದಿತ್ತು. ಲಿಂಚೆ ಎಲೆ ಬಿಡಿಸಿದಳು. ಆಟೀನು ಏಳು, ಅದರಲ್ಲಿ ದೊಡ್ಡದು ರಾಣಿ. ಉಳಿದದ್ದೆಲ್ಲ ಕಸ.

ಪುಸ್ತಕ ಹೇಳುವುದು ಮೂರು. 'ಅಲ್ಚೆಗೂ ಅದು ಗೊತ್ತು. ಮೂರಕ್ಕೆ ಏನು ಮಾಡಬೇಕೆಂದು ರಾತ್ರಿಯೆಲ್ಲ ಓದಿಕೊಂಡು ಬಂದಿರುತ್ತಾಳೆ. ನಾಲ್ಕು ಕೂಗಿದರೆ ನಾನು ಮುಳುಗಬಹುದು. ಮುಳುಗಿದರೆ ಮುಳುಗಲಿ.'

ಅವಳು ನಾಲ್ಕು ಆಟೀನಿನ ಚೀಟಿ ಮುಂದಿಟ್ಟಳು.

"ರೊಲ್ಲಿ, ಇದರ ಅರ್ಥ ಏನಪ್ಪಾ?" ಅಲ್ಚೆ ಕೇಳಿದಳು. ಹಾಗೆ ಕೇಳುವುದು ಆಟದ ಕ್ರಮವೇ. ಕೂಗಿದವರ ಜೊತೆಗಾರ ಹೇಳಬೇಕು.

"ಎಂಟು ಆಟೀನು, ಬಡ ಕೈ," ಎಂದ ರೊಲ್ಲಿ ಅವಳನ್ನು ನೋಡದೆ.

ಅಲ್ಚೆ ಚೀಲದಿಂದ ಅದೇ ನೀಲಿ ಹಾಳೆ ತೆಗೆದು ಎಲ್ಲರೆದುರು ಬಿಡಿಸಿದಳು. ಬೆರಳಿಟ್ಟು ಓದಿ, ತಲೆಯಾಡಿಸಿ, ಬಹಳ ಹೊತ್ತು ಯೋಚಿಸಿ ಪಾಸ್ ಎಂದಳು. ಉಳಿದವರೂ ಪಾಸ್ ಎಂದರು. ಲಿಂಚೆ ಕಣ್ಣೀರು ನುಂಗಿಕೊಂಡೇ ಆಡಿದಳು. ನಾಲ್ಕು ಕೂಗಿದರೆ ಆರರ ಮೇಲೆ ನಾಲ್ಕು, ಅಂದರೆ ಹತ್ತು ಸುತ್ತು ಗೆಲ್ಲಬೇಕಿತ್ತು, ಬಂದದ್ದು ಎಂಟು. ನಷ್ಟ ನೂರು ಅಂಕ.

ಅಲ್ಚೆ ಹಣೆ ಚಚ್ಚಿಕೊಂಡಳು. "ಅಯ್ಯೋ, ಇಸ್ಪೇಟಿನಲ್ಲಿ ಹತ್ತು ಸುತ್ತು ನಮ್ಮ ಕೈಯಲ್ಲೇ ಇತ್ತು! ನಾನೂರಿಪ್ಪತ್ತು! ನೀನು ಮೂರು ಕೂಗಿದ್ರೆ ನಾನು ಬಾಯಿ ಬಿಡ್ತಿದ್ದೆ ಕಣೇ. ಜಕಾರ್ತಾ ನಿಮ್ದೇ ಆಯ್ತು, ಹೋಗಿ."

ಲಿಂಚೆ ನಗಲಿಲ್ಲ. "ಆ ಹಾಳೆ ನಿಮಗೆ ಯಾಕೆ ಕೊಟ್ರು ತಾಂತೆ?"

"ಇದೇನೇ ಪ್ರಶ್ನೆ? ಆಯ್ಕೆ ಆಟದಲ್ಲಿ ಹಿಂದಿನ ದಿನವೇ ಎದುರಿನವರಿಗೆ ಕೊಡಬೇಕು. ನಮ್ಮದನ್ನೂ ರೊಲ್ಲಿಗೆ ಕೊಟ್ಟಿದ್ದೀನಿ. ಗುಟ್ಟಿಟ್ಕೊಂಡು ಆಡೋದೇ ಮೋಸ."

ಹಿಂದೆ ಕೂತಿದ್ದ ಓಮ್ ಬೆರ್ತಿ ಕೆಮ್ಮಿದರು. "ನೊನಿ, ಹತ್ತು ವರ್ಷ ಆ ಹಾಳೆ ನಾನೇ ಕೊಟ್ಟು ಬರ್ತಿದ್ದೆ. ನಿನಗೆ ಹೇಳಲೇ ಇಲ್ಲ ನೋಡು, ತಪ್ಪು ನಂದು."

ಲಿಂಚೆಯ ಮುಖ ಬಿಸಿಯಾಯಿತು. ಮೇಜಿನಲ್ಲಿ ಜೊತೆಗಾರನಿಗೆ ಸುಳ್ಳು ಹೇಳಿದ್ದು ಒಬ್ಬರೇ. ಅದು ಅವಳೇ.

ರೊಲ್ಲಿ ಹೊರಗೆ ಜಗಲಿಯ ಮೇಲೆ ಕರಿದ ಗೊರೊಹೊ ಬಾಳೆಕಾಯಿಯ ತಟ್ಟೆ ಹಿಡಿದು ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು.

"ನಿಮ್ಮ ಹತ್ರ ಏಳೇ ಇತ್ತು," ಎಂದ ಅವನು. "ಪುಸ್ತಕದಲ್ಲಿ ಮೂರು ಅಂತಿತ್ತು."

"ನಿಮ್ಮನ್ನ ನಂಬಲಿಲ್ಲ. ಕಳ್ಳ ಅಂದ್ಕೊಂಡೆ. ತಪ್ಪಾಯ್ತು."

ಅವನು ತಟ್ಟೆಯನ್ನು ಅವಳ ಕಡೆ ಸರಿಸಿದ.

"ಒಂದು ಕೇಳ್ಲಾ? ಗಂಜಿ ಅಂಗಡೀಲಿ ಅಷ್ಟು ಬೇಗ ಕೇಳಿದ್ರಿ. ಆಮೇಲೆ ಯಾಕೆ ಮಾತೇ ಇಲ್ಲ?"

"ನಂದು ಬಡ ಕೈ, ಲಿಂಚೆ. ಬಾಡಿಗೆ ಕೋಣೆ, ಹಳೇ ಬೈಕು, ಗೋದಾಮಿನ ಕೆಲಸ. ಬೇರೆಯವರು ಕೇಳೋಕೆ ಮುಂಚೆ ಕೇಳಿಬಿಟ್ಟೆ. ಒಂದು ಸಲ ಕೂಗಿದ ಮೇಲೆ ಮತ್ತೆ ಬಾಯಿ ಹಾಕೋ ಹಾಗಿಲ್ಲ. ಆಮೇಲಿಂದು..."

"ಜೊತೆಗಾರರ ಇಷ್ಟ," ಎಂದಳು ಅವಳು. ನಾಲ್ಕು ತಿಂಗಳು ಅವನು ಕಾಯುತ್ತಿದ್ದ, ಅವಳು ಅನುಮಾನಿಸುತ್ತಿದ್ದಳು. ಈಗ ಅಳು ತಡೆಯಲಾಗಲಿಲ್ಲ.

"ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮನೆಗೆ ಬಾ. ಅಪ್ಪನ ಹತ್ರ ಕೇಳು. ಶೂ ಹಾಕ್ಕೊಂಡು ಬಾ."

'ಬನ್ನಿ' ಹೋಗಿ 'ಬಾ' ಬಂದದ್ದು ಅವನಿಗೆ ತಿಳಿಯಿತು.

"ಕೈ ಬಡವಾಗಿದೆ ಅಂದೆನಲ್ಲ. ಮುಳುಗಿದ್ರೆ?"

"ನನ್ನ ಹತ್ರ ಏಳೇ ಇದ್ರೂ ನಾಲ್ಕು ಕೂಗ್ಲಿಲ್ವಾ?" ಎಂದು ಅವಳು ತಟ್ಟೆಯಲ್ಲಿದ್ದ ಕೊನೆಯ ಹೋಳನ್ನು ಅವನ ಕೈಗಿಟ್ಟಳು.