ಅತ್ತೆಯ ಬಾಯಲ್ಲಿಟ್ಟ ಮಾತು

“ಅವ್ವ ಒಪ್ಪಲಿಲ್ಲ, ಅನ್ನಮ್ಮ. ನೀ ಸಮುದ್ರ ದಾಟಿದ್ರ ನಿನ್ನ ಮಾರಿ ನೋಡೂದಿಲ್ಲ ಅಂದಾಳ.”

ಇಷ್ಟು ಹೇಳಿ ಅಣವೀರಪ್ಪ ಒಳಕೋಣೆಗೆ ಹೋಗಿಬಿಟ್ಟ. ಸೀರೆ ಮಡಚುತ್ತಿದ್ದ ಅನ್ನಮ್ಮನ ಕೈ ಹಾಗೆಯೇ ನಿಂತಿತು…

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಆ ಬಾಡಿಗೆ ಮನೆಯಲ್ಲಿದ್ದ ಗಂಡ ಹೆಂಡತಿ ಇಬ್ಬರೂ ಸರ್ಜರಿ ಕಲಿಯುತ್ತಿದ್ದ ವೈದ್ಯರು. ಕಲಿಯುವ ಸರ್ಜನ್‌ಗಳನ್ನು ಕೆಲವು ತಿಂಗಳ ಸೇವೆಗೆಂದು ಆಫ್ರಿಕಾದ ಮಲಾವಿಗೆ ಕರೆಸಿಕೊಳ್ಳುವ ಸಂಸ್ಥೆಯೊಂದು ಅವರ ವಿಭಾಗದಿಂದ ಒಬ್ಬರನ್ನು ಕೇಳಿತ್ತು. ಇಬ್ಬರೂ ಹೆಸರು ಕೊಟ್ಟಿದ್ದರು, ಆಯ್ಕೆಯಾದವಳು ಅನ್ನಮ್ಮ. ಎಲ್ಲರೆದುರು ನಗುತ್ತ ಅವಳ ಕೈ ಕುಲುಕಿದ ಅಣವೀರಪ್ಪನಿಗೆ ಅಂದಿನಿಂದ ಅನ್ನ ಸೇರಲಿಲ್ಲ. ಕಷ್ಟದ ಆಪರೇಷನ್ನಿಗೆ ಪ್ರೊಫೆಸರು ಅವಳನ್ನೇ ಕರೆಯುವುದು, ರೋಗಿಗಳು ಅವಳನ್ನೇ ಕೇಳುವುದು… ಒಂದೊಂದೂ ಮುಳ್ಳಾಗಿ ಚುಚ್ಚುತ್ತಿತ್ತು.

ತಾಯಿಯಿಲ್ಲದ ಅನ್ನಮ್ಮನಿಗೆ ಅತ್ತೆ ದುಂಡಮ್ಮನೇ ತಾಯಿ. ಆ ಮನಸ್ಸು ನೋಯಿಸಲಾರದೆ ಅವಳು ಮರುದಿನವೇ ಪ್ರೊಫೆಸರರಿಗೆ ಹೋಗಲಾರೆನೆಂದಳು. ಅವಕಾಶ ಆಯ್ಕೆಪಟ್ಟಿಯಲ್ಲಿ ಎರಡನೆಯವನಾದ ಅಣವೀರಪ್ಪನಿಗೆ ಬಂತು. ಅವನು ಬೇಡವೆನ್ನಲಿಲ್ಲ!

ಹೊರಡುವ ಮೊದಲು ತಾಯಿಯ ಆಶೀರ್ವಾದ ಬೇಕೆಂದು ಅನ್ನಮ್ಮನೇ ಹಟ ಹಿಡಿದು ಅವನನ್ನು ಅತ್ತೆಯ ಊರಾದ ಕಮಲಾಪುರಕ್ಕೆ ಕರೆತಂದಳು. ಅಂಗಳದಲ್ಲಿ ಕಾಲಿಡುತ್ತಲೇ ದುಂಡಮ್ಮ ಸೊಸೆಯನ್ನು ತಬ್ಬಿಕೊಂಡು ಮಣೆಯ ಮೇಲೆ ಕೂರಿಸಿದಳು. ಅವರ ಆಸ್ಪತ್ರೆಗೆ ಹೋಗಿದ್ದ ನೆರೆಮನೆಯ ಬಷೀರುನ್ನೀಸಾ ಅನ್ನಮ್ಮನ ಆಯ್ಕೆಯ ಸುದ್ದಿಯನ್ನು ಎಂದೋ ತಂದಿದ್ದಳು.

“ಯಾವಾಗ ಹೊಂಟಿ ತಂಗಿ?” ದುಂಡಮ್ಮ ಸೊಸೆಯನ್ನು ಕೇಳಿದಳು. “ಉಡಿ ತುಂಬಿ ಕಳಸಬೇಕಂತ ಕುಂತೀನಿ. ಊರಿಗೆಲ್ಲಾ ಹೇಳೀನಿ.”

ಅನ್ನಮ್ಮ ನಿಧಾನವಾಗಿ ಗಂಡನತ್ತ ತಿರುಗಿದಳು. ಅವನ ತಲೆ ಎದೆಗೆ ಬಾಗಿತ್ತು. ನಡೆದದ್ದನ್ನು ಅವಳ ಬಾಯಿಂದ ಕೇಳಿ ದುಂಡಮ್ಮ ಮಗನ ಮುಂದೆ ಬಂದು ನಿಂತಳು.

“ಹೊಟ್ಟಿಕಿಚ್ಚು ನಿಂದು, ಹೆಸರು ನಂದಾ? ತಾಯಿಲ್ಲದ ಕೂಸಿಗಿ ನನ್ನ ರಾಕ್ಷಸಿ ಮಾಡಿದೆಲ್ಲೋ…”

“ತಾಳಾಕ ಆಗಲಿಲ್ಲವ್ವಾ,” ಅಣವೀರಪ್ಪ ಬಿಕ್ಕಿದ. “ಇಬ್ಬರೂ ಒಂದೇ ಕೆಲಸ ಮಾಡ್ತೀವಿ. ಎಲ್ಲರ ಕಣ್ಣಿಗಿ ಕಾಣೂದು ಅಕೀ ಒಬ್ಬಾಕಿನೇ.”

ಯಾರೂ ಅವನನ್ನು ಸಮಾಧಾನಪಡಿಸಲಿಲ್ಲ. ಮರುದಿನ ಅವನೇ ಪ್ರೊಫೆಸರರ ಮುಂದೆ, ಸಹಪಾಠಿಗಳೆಲ್ಲ ಇರುವಾಗಲೇ, ತನ್ನ ಸುಳ್ಳನ್ನು ಒಪ್ಪಿಕೊಂಡ. ಅನ್ನಮ್ಮನ ಹೆಸರು ಮತ್ತೆ ಸೇರಿತು.

ಮುಂಬೈಗೆ ಹೋಗುವ ರೈಲು ಕಲಬುರಗಿ ನಿಲ್ದಾಣಕ್ಕೆ ಬಂದಾಗ ಅವಳು ಅತ್ತೆಯ ಕಾಲಿಗೆರಗಿದಳು. ಗಂಡ ತಡವರಿಸುತ್ತ, ತಿರುಗಿ ಮನೆಗೇ ಬರುತ್ತೀಯಲ್ಲ ಎಂದು ಕೇಳಿದ.

“ಬರ್ತೀನ್ರೀ. ಆದ್ರ ನಿಮ್ಮ ಮಾತು ನಂಬಾಕ ನನಗ ಭಾಳ ದಿನ ಬೇಕು.”

ರೈಲು ಚಲಿಸಿತು. ಕಿಟಕಿಯಿಂದ ಅವಳು ಕೈ ಬೀಸಿದ್ದು ಅವ್ವನಿಗೋ, ತನಗೋ ಅಣವೀರಪ್ಪನಿಗೆ ತಿಳಿಯಲಿಲ್ಲ. ಆದರೂ ಅವನು ಕೈ ಎತ್ತಿದ. ಕೊನೆಯ ಡಬ್ಬಿ ಮರೆಯಾಗುವವರೆಗೂ ಇಳಿಸಲಿಲ್ಲ.