ದೀಕ್ಷಿತನ ಕಂಪ್ಯೂಟರು ಕೆಟ್ಟದ್ದು ಹೇಗೆ?

ದೇವರ ಮುಂದೆ ದೀಪ ಹಚ್ಚಿ, ಸೆರಗಿಗೆ ಕೈ ಒರೆಸಿಕೊಂಡು, ಸರಸಮ್ಮ ಮಗನ ಕೋಣೆಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತಿದರು. ಎಂಟು ತಿಂಗಳಿಂದ ದಿನವೂ ಸಂಜೆ ಆರೂವರೆಗೆ ಅವರು ಮಾಡುತ್ತಿದ್ದದ್ದೇ ಇದು. ಫ್ಯಾನು ತಿರುಗಿತು. ಒಳಗಿನ ನೀಲಿ ಬೆಳಕು ಹತ್ತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಮತ್ತೊಮ್ಮೆ ಒತ್ತಿದರು. ಹತ್ತು ಸಲ ಒತ್ತಿದರು. ಗಂಡ ರಘುರಾಮ ಹೋಟೆಲಿನ ಕೆಲಸ ಮುಗಿಸಿ ಮನೆಗೆ ಬಂದಾಗಲೂ ಆಕೆ ಆ ಕಪ್ಪು ಪರದೆಯ ಮುಂದೆಯೇ ಕೂತಿದ್ದರಂತೆ.

ಅದಾಗಿ ಸರಿಯಾಗಿ ಎರಡು ವಾರಕ್ಕೆ, ಭಾನುವಾರ ಸಂಜೆ, ನಾವು ಗಿಂಡಿ ಬಡಾವಣೆಯ ಆ ಮನೆಗೆ ಹೋದೆವು. ನಾವು ಎಂದರೆ ಪಂಢರಿನಾಥ ಮತ್ತು ನಾನು, ವಿಮಲಾ. ರಿಚ್ಚಿ ಸ್ಟ್ರೀಟಿನಲ್ಲಿ ನಮ್ಮದೊಂದು ಮದರ್‌ಬೋರ್ಡ್ ರಿಪೇರಿ ಅಂಗಡಿ. ಬೆಸುಗೆ ನನ್ನದು, ಪತ್ತೆ ಅವನದು. ಇಪ್ಪತ್ತು ವರ್ಷದಿಂದ ಜೊತೆಗೆ ದುಡಿಯುತ್ತಿದ್ದೇವೆ. ಮನುಷ್ಯನಿಗೆ ಮಾತು ಕಡಿಮೆ, ಪ್ರಶ್ನೆ ಕೇಳಿ ತಲೆ ತಿನ್ನುವುದು ಜಾಸ್ತಿ.

“ಒಂದು ಮೊದಲೇ ಹೇಳ್ತೇನೆ,” ಸರಸಮ್ಮ ಬಾಗಿಲಲ್ಲೇ ತಡೆದರು. “ಇದರಲ್ಲಿ ಎಂತದನ್ನೂ ಬದಲು ಮಾಡ್ಲಿಕ್ಕಿಲ್ಲ. ಮೊನ್ನೆ ಬಂದ ಮೆಕ್ಯಾನಿಕ್, ಬೋರ್ಡ್ ಸತ್ತಿದೆ, ಬೇರೆ ಹಾಕುವ ಅಂದ. ಅವನನ್ನು ಹಾಗೇ ಕಳಿಸಿದೆ. ನಮ್ಮ ದೀಕ್ಷಿತ್ ಕೈಯಾರೆ ಒಂದೊಂದೇ ಜೋಡಿಸಿದ್ದು ಇದು. ಇದೇ ಬೋರ್ಡ್ ಬದುಕಬೇಕು.”

ದೀಕ್ಷಿತ್ ಅವರ ಒಬ್ಬನೇ ಮಗ. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಇಪ್ಪತ್ತಾರರ ಹುಡುಗ, ಡೆಂಗಿ ಜ್ವರದಲ್ಲಿ ಐದೇ ದಿನಕ್ಕೆ ಹೋಗಿಬಿಟ್ಟಿದ್ದ.

“ದಿನಾ ಆನ್ ಮಾಡಿ ಏನು ನೋಡ್ತೀರಿ?” ಪಂಢರಿ ಕೇಳಿದ.

“ನೋಡ್ಲಿಕ್ಕೆ ನನಗೆ ಎಂತ ಗೊತ್ತುಂಟು? ಗುಂಡಿ ಒತ್ತಿದರೆ ತನ್ನಷ್ಟಕ್ಕೆ ತೆರೆದುಕೊಳ್ತದೆ. ಅವನು ಹಾಕಿದ ಸಮುದ್ರದ ಚಿತ್ರ ಬರ್ತದೆ, ಫ್ಯಾನಿನ ಶಬ್ದ ಬರ್ತದೆ. ಅವನು ಕೆಲಸದಿಂದ ಬಂದು ಈ ಹೊತ್ತಿಗೇ ಕೂತುಕೊಳ್ತಿದ್ದದ್ದು. ಶಬ್ದ ಕೇಳಿದ ಕೂಡಲೇ ನಾನು ಕಾಫಿಗೆ ಇಡ್ತಿದ್ದೆ. ಈಗ ಅರ್ಧ ಗಂಟೆ ಕೂತು ಆಫ್ ಮಾಡ್ತೇನೆ. ಮೌಸನ್ನೂ ಮುಟ್ಟುವುದಿಲ್ಲ.”

ನಾನು ಟಾರ್ಚ್ ಹುಡುಕುವ ನೆಪದಲ್ಲಿ ಚೀಲದೊಳಗೆ ಮುಖ ಹಾಕಿದೆ. ಕೆಲಸದ ಮನೆಯಲ್ಲಿ ಅಳುವುದು ನನಗೆ ಸೇರುವುದಿಲ್ಲ.

ಹಜಾರದಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಶ್ರೀಪ್ರಿಯಾ, ದೀಕ್ಷಿತನ ಜೊತೆ ಅದೇ ಕಾರ್ಖಾನೆಯಲ್ಲಿ ಇಂಜಿನಿಯರಾಗಿ ಕೆಲಸ ಮಾಡಿದವಳು. ಅವನು ತೀರಿಕೊಂಡ ಮೇಲೆ ಹೆಚ್ಚಿನ ಭಾನುವಾರಗಳಲ್ಲಿ ಅವನ ಅಪ್ಪ ಅಮ್ಮನನ್ನು ನೋಡಿ ಹೋಗಲು ಬರುತ್ತಾಳಂತೆ.

ಪಂಢರಿ ಪೆಟ್ಟಿಗೆಯ ಪಕ್ಕದ ಗಾಜು ಬಿಚ್ಚಿದ. ಮೆಮೊರಿ ತೆಗೆದು ಒರೆಸಿ ಮತ್ತೆ ಕೂರಿಸಿದ. ಬಿಲ್ಲೆ ಬ್ಯಾಟರಿ ಅಳೆದ. ಪವರ್ ಸಪ್ಲೈ ಪರೀಕ್ಷಿಸಿದ. ಎಲ್ಲ ಸರಿಯಾಗಿತ್ತು. ಆಮೇಲೆ ದೊಡ್ಡ ಫ್ಯಾನಿನ ಹಿಂದೆ, ಮೇಲಿನ ಮೂಲೆಗೆ ಟಾರ್ಚ್ ಬಿಟ್ಟು ಬಗ್ಗಿ ನೋಡಿದ.

“ವಿಮಲಾ, ನೋಡು. ಮುಟ್ಟಬೇಡ.”

ನೋಡಿದೆ. ಪ್ರೊಸೆಸರಿಗೆ ಕರೆಂಟು ಕೊಡುವ ಪ್ಲಗ್ಗು. “ಕೂತಿದೆಯಲ್ಲ?”

“ಧೂಳು ನೋಡು.”

ಪ್ಲಗ್ಗಿನ ಮೇಲೆಲ್ಲ ಧೂಳು. ಬುಡದಲ್ಲಿ ಮಾತ್ರ ಸುತ್ತಲೂ ಅರ್ಧ ಸೆಂಟಿಮೀಟರಿನಷ್ಟು ಅಗಲದ ಕಪ್ಪು ಗೆರೆ, ಹೊಸದರ ಹಾಗೆ ಶುಭ್ರ. ಅಷ್ಟು ಭಾಗ ಇಷ್ಟು ದಿನವೂ ಸಾಕೆಟ್ಟಿನ ಒಳಗಿತ್ತು. ಈಗ ಹೊರಗಿದೆ. ಇಷ್ಟನ್ನು ಕಾಣದೆ ಬೋರ್ಡ್ ಸತ್ತಿದೆ ಎಂದನಲ್ಲ ಆ ಮಹಾನುಭಾವ—ನನಗೆ ಮೈ ಉರಿಯಿತು.

ಪಂಢರಿ ರಘುರಾಮರ ಕಡೆ ತಿರುಗಿದ. “ನಿಮಗೆ ಈ ಕಂಪ್ಯೂಟರಿನ ಮೇಲೆ ಸಿಟ್ಟಿತ್ತಾ?”

“ಇತ್ತು. ಇಲ್ಲ ಅಂತ ಹೇಗೆ ಹೇಳುವುದು? ಇವಳು ಅದರ ಮುಂದೆ ಕೂತು ಸೊರಗುವುದನ್ನು ನೋಡಿ, ಎತ್ತಿ ಬಿಸಾಡುವ ಅಂತ ಕಂಡದ್ದುಂಟು. ಆದರೆ ಅದನ್ನು ಎಲ್ಲಿಂದ ತೆರೆಯುವುದು ಅಂತಲೇ ನನಗೆ ಗೊತ್ತಿಲ್ಲ ಮಾರಾಯ್ರೆ.”

“ಆ ಮೆಕ್ಯಾನಿಕ್?”

“ಅವನು ಬಂದದ್ದು ಕೆಟ್ಟ ಮೇಲೆ.”

“ಹಿಂದಿನ ದಿನ ಸರಿಯಿತ್ತು. ಹಾಗಾದರೆ ಆ ಭಾನುವಾರ ಈ ಕೋಣೆಗೆ ಬಂದವರು ಯಾರು?”

“ಹೊರಗಿನವರು ಯಾರೂ ಇಲ್ಲ,” ಎಂದರು ಸರಸಮ್ಮ. “ಪ್ರಿಯಾ ಇದ್ದಳು ಮಧ್ಯಾಹ್ನ.”

ಹುಡುಗಿ ಬಾಗಿಲಿಗೆ ಬಂದು ನಿಂತಿದ್ದಳು.

“ಎಷ್ಟು ಹೊತ್ತು ಇದ್ರಿ ಒಳಗೆ?” ಪಂಢರಿ ಕೇಳಿದ.

“ಒಂದು ಹತ್ತು ನಿಮಿಷ ಇರುಕ್ಕುಂ ಸರ್,” ತಮಿಳು ಬೆರೆಸಿ ಹೇಳಿದಳು. “ ಸುಮ್ನೆ ಅವನ ಚೇರಲ್ಲಿ ಕೂತಿದ್ದೆ.”

“ಏನಾದರೂ ಮುಟ್ಟಿದ್ರಾ?”

“ಇಲ್ಲ.”

ಪಂಢರಿ ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದು ಕೂತಿತು. ಎಲ್ಲರನ್ನೂ ಒಳಗೆ ಕರೆದು ಗುಂಡಿ ಒತ್ತಿದ. ಫ್ಯಾನು ತಿರುಗಿತು. ಪರದೆ ಬೆಳಗಿ ನೀಲಿ ಸಮುದ್ರ ಬಂತು. ಸರಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಕೆಯನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದ್ದು ನಾನೇ.

“ಈ ಪ್ಲಗ್ಗಿಗೆ ಕೊಕ್ಕೆಯಿದೆ,” ಪಂಢರಿ ನಿಧಾನವಾಗಿ ಹೇಳಿದ. “ಉಗುರಿನಿಂದ ಒತ್ತದೆ ಅದು ಬಿಡುವುದಿಲ್ಲ. ಇಲಿ, ಹಲ್ಲಿಯ ಕೆಲಸ ಅಲ್ಲ. ನೋಡುವವರಿಗೆ ಕೂತ ಹಾಗೆ ಕಾಣಬೇಕು, ಪ್ರೊಸೆಸರಿಗೆ ಮಾತ್ರ ಕರೆಂಟು ಹೋಗಬಾರದು—ಅಷ್ಟೇ ಎಳೆದಿದ್ದಾರೆ. ಫ್ಯಾನಿಗೆ ಬೇರೆ ದಾರಿಯಿಂದ ಕರೆಂಟು, ಅದಕ್ಕೇ ತಿರುಗುತ್ತಿತ್ತು. ಹಾಳು ಮಾಡಬೇಕು ಅಂತಿದ್ದರೆ ಒಂದು ಲೋಟ ನೀರು ಸಾಕಿತ್ತು. ಎಳೆದವರಿಗೆ ಯಂತ್ರ ಗೊತ್ತು. ಅದರ ಮೇಲೆ ಪ್ರೀತಿಯೂ ಇದೆ.”

“ಮತ್ತೆ ಯಾಕೆ?” ರಘುರಾಮ ಕೇಳಿದರು.

“ಈಗ ಆನ್ ಮಾಡುವವರೆಗೆ ನನಗೂ ಗೊತ್ತಿರಲಿಲ್ಲ. ನೀವೆಲ್ಲ ಪರದೆ ನೋಡಿದಿರಿ. ನಾನು ನಿಮ್ಮನ್ನು ನೋಡಿದೆ. ಒಬ್ಬರು ಮಾತ್ರ ಪರದೆ ನೋಡದೆ ತಮ್ಮ ಫೋನು ನೋಡಿದರು. ಎಳೆದವರು ಶ್ರೀಪ್ರಿಯಾ.”

ಹುಡುಗಿ ಫೋನನ್ನು ಮೇಜಿನ ಮೇಲಿಟ್ಟಳು. ದೀಕ್ಷಿತ್ ಎಂಬ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಆನ್‌ಲೈನ್.

“ಕಂಪ್ಯೂಟರು ತೆರೆದ ಕೂಡಲೇ ಚಾಟ್ ಕೂಡ ತಾನಾಗಿ ತೆರೆಯುವ ಹಾಗೆ ನಿಮ್ಮ ಮಗ ಮಾಡಿಟ್ಟಿದ್ದ ಅಮ್ಮ,” ಎಂದ ಪಂಢರಿ. “ನೀವು ಗುಂಡಿ ಒತ್ತಿದಾಗಲೆಲ್ಲ, ದೀಕ್ಷಿತ್ ಬಂದಿದ್ದಾನೆ ಅಂತ ಇವರ ಫೋನಿಗೆ ಸುದ್ದಿ ಹೋಗುತ್ತಿತ್ತು.”

“ಫಸ್ಟ್ ಟೈಮ್ ಬಂದಾಗ ನಾನು ಟ್ರೇನಲ್ಲಿದ್ದೆ ಆಂಟಿ,” ಶ್ರೀಪ್ರಿಯಾ ಗೋಡೆ ಹಿಡಿದುಕೊಂಡಳು. “‘ದೀಕ್ಷಿ, ನೀನಾ?’ ಅಂತ ಟೈಪ್ ಮಾಡ್ಬಿಟ್ಟೆ. ಆಮೇಲೆ ನೀವು ಅಂತ ಗೊತ್ತಾಯ್ತು. ಗೊತ್ತಾದ್ರೂ... ದಿನಾ ಬರ್ತಾನೆ, ಅರ್ಧ ಗಂಟೆ ಇರ್ತಾನೆ, ಹೋಗ್ತಾನೆ. ಒಂದು ಮಾತೂ ಆಡಲ್ಲ. ಮುಡಿಯಲೆ ಆಂಟಿ. ನನ್ನ ಕೈಲಿ ಆಗ್ಲಿಲ್ಲ.”

“ನನಗೆ ಹೇಳ್ಬಹುದಿತ್ತಲ್ಲ ಮಗಾ?”

“ಹೇಳೋಕೆ ನಾನು ಅವನಿಗೆ ಯಾರು ಅಂತ ಹೇಳ್ಬೇಕಿತ್ತು. ‘ನಮ್ಮ ವಿಷಯ ಮನೇಲಿ ನಾನೇ ಹೇಳ್ತೀನಿ, ನೀನು ಸುಮ್ನಿರು’ ಅಂದಿದ್ದ. ಆ ವಾರಾನೇ ಜ್ವರ ಬಂತು.”

ರಘುರಾಮ ಮಂಚದ ಅಂಚಿನಲ್ಲಿ ಕೂತರು.

“ಚಾಟಿಂದ ಲಾಗ್‌ಔಟ್ ಮಾಡೋಣಾಂತಾನೇ ಆವತ್ತು ಒಳಗೆ ಹೋದೆ,” ಹುಡುಗಿ ಮುಂದುವರಿಸಿದಳು. “ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಮಾಡಿದ್ರೆ ಅವನು ಮತ್ತೆ ಬರೋದೇ ಇಲ್ಲ. ಕೈ ಬರ್ಲಿಲ್ಲ. ವೈರ್ ಆದ್ರೆ ವಾಪಸ್ ಹಾಕ್ಬಹುದಲ್ಲ ಅನ್ನಿಸ್ತು. ಆಮೇಲೆ ಹದಿನಾಲ್ಕು ದಿನ, ಆರೂವರೆಗೆ ಫೋನ್ ಹಿಡ್ಕೊಂಡು ಕೂತೆ. ಬರ್ಲಿಲ್ಲ ಅವನು. ಅದು ಇನ್ನೂ ಕಷ್ಟ ಆಂಟಿ.”

ಸರಸಮ್ಮ ಪಂಢರಿಯ ಕಡೆ ತಿರುಗಿದರು. “ಇದು ಹೀಗೇ ಉಳಿದು, ಆ ಚುಕ್ಕೆ ಮಾತ್ರ ನಿಲ್ಲಿಸ್ಲಿಕ್ಕೆ ಆಗ್ತದಾ?”

“ಆಗುತ್ತದೆ. ಲಾಗ್‌ಔಟ್ ಮಾಡಿದರೆ ಸಾಕು, ಒಂದು ಕ್ಲಿಕ್ಕು. ಆದರೆ ಪಾಸ್‌ವರ್ಡ್ ಇಲ್ಲದೆ ಮತ್ತೆ ತರಲು ಆಗುವುದಿಲ್ಲ.”

ಸರಸಮ್ಮ ಎದ್ದು, ಮಗನ ಕುರ್ಚಿಯಲ್ಲಿ ಹುಡುಗಿಯನ್ನು ಕೂರಿಸಿದರು. ಶ್ರೀಪ್ರಿಯಾ ಮೌಸ್ ಹಿಡಿದಳು. ಪರದೆಯ ಮೇಲಿನ ಬಾಣ ಹೋಗಿ ಲಾಗ್‌ಔಟ್ ಎಂಬಲ್ಲಿ ನಿಂತಿತು. ನಿಂತೇ ಇತ್ತು. ಇಪ್ಪತ್ತು ವರ್ಷ ಕೂದಲೆಳೆ ತಂತಿಗೆ ಬೆಸುಗೆ ಹಾಕಿದ ಕೈ ನನ್ನದು. ಆ ಕ್ಲಿಕ್ಕು ನನ್ನಿಂದಲೂ ಆಗುತ್ತಿರಲಿಲ್ಲ. ಸರಸಮ್ಮ ಬಾಗಿ, ಅವಳ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿದರು.

ಫೋನಿನಲ್ಲಿ ಹಸಿರು ಆರಿತು.

“ಹೋದನಾ?” ಸರಸಮ್ಮ ಕೇಳಿದರು.

“ಹೋದ, ಆಂಟಿ.”

“ಆಂಟಿ ಅಲ್ಲ. ಅತ್ತೆ ಅಂತ ಹೇಳು ಮಗಾ. ಒಂದು ಸಲ ಕೇಳ್ತೇನೆ.”

ಹುಡುಗಿ ಹೇಳಿದಳು.