ಎರಡು ಹನಿಯ ಬಟನ್

"ಇದೇ ಅಮ್ಮಾ, ನೀರಿನ ಬಟನ್! ಒತ್ಲಾ?"

ಬುಗುರಿ ನಿಂತಲ್ಲೇ ಕುಣಿಯುತ್ತಿದ್ದಳು. ಅವಳ ನಿಜವಾದ ಹೆಸರು ಬೇಕಾಗುತ್ತಿದ್ದದ್ದು ಶಾಲೆಯ ಹಾಜರಿಗೆ ಮಾತ್ರ. ಮನೆಯಲ್ಲಿ, ಬೀದಿಯಲ್ಲಿ, ಅಮ್ಮನ ಲಾಂಡ್ರಿ ಅಂಗಡಿಯಲ್ಲಿ ಎಲ್ಲರಿಗೂ ಅವಳು ಬುಗುರಿಯೇ. ಕೂತಲ್ಲಿ ಕೂರುವ ಜನ್ಮವಲ್ಲ ಅದು.

ಅಂಗಡಿಗೆ ನಿನ್ನೆಯಷ್ಟೇ ಜಪಾನಿನ ಹಳೆ ವಾಷಿಂಗ್ ಮಷೀನ್ ಬಂದಿತ್ತು. ಬಟನ್‌ಗಳ ಮೇಲೆಲ್ಲ ಕಾಂಜಿ ಎನ್ನುವ ಜಪಾನಿ ಅಕ್ಷರಗಳು. ಮೇಜಿನ ಮೇಲೆ ಗಿರಾಕಿಯೊಬ್ಬರ ಉಣ್ಣೆಯ ಶಾಲು ಕಾಯುತ್ತಿತ್ತು. ನಾಳೆ ಬೆಳಿಗ್ಗೆಯೇ ಕೊಡಬೇಕು.

"ಉಣ್ಣೆಗೆ ತಣ್ಣೀರೇ ಆಗ್ಬೇಕು. ಅಕ್ಕ ಬಂದು ಓದ್ಲಿ ಇರು," ಎಂದಳು ಅಮ್ಮ. ಅಕ್ಕ ಕಾಲೇಜಿನಲ್ಲಿ ಜಪಾನಿ ಕಲಿಯುತ್ತಿದ್ದಳು.

"ಅಕ್ಕ ಯಾಕೆ? ಅವಳೇ ನಂಗೆ ಹೇಳ್ಕೊಟ್ಟಿದಾಳೆ. ಕಾಂಜಿನ ತುಂಡು ತುಂಡು ಮಾಡಿ ನೋಡ್ಬೇಕು. ಎಡಗಡೆ ಮೂರು ಹನಿ ಇದ್ರೆ ನೀರು. ನೋಡು!"

温. ಹೌದು, ಮೂರು ಹನಿ ಇದ್ದವು. ಪಕ್ಕದ ಬಟನ್ ಮೇಲೆ 冷. ಅದರಲ್ಲಿ ಎರಡೇ ಹನಿ.

"ಅದೂ ನೀರೇ. ಒತ್ತಿ ಒತ್ತಿ ಒಂದು ಹನಿ ಅಳಿಸಿಹೋಗಿದೆ, ಅಷ್ಟೇ!"

ಅಮ್ಮ ಯೋಚಿಸಿದಳು. ಶಾಲನ್ನು ಮುಟ್ಟಲಿಲ್ಲ. ತಾನು ತೊಟ್ಟಿದ್ದ ಕೆಂಪು ಉಣ್ಣೆ ಸ್ವೆಟರನ್ನೇ ಬಿಚ್ಚಿ ಮಷೀನಿಗೆ ಹಾಕಿದಳು. "ಮೊದ್ಲು ಇದು..." ಎನ್ನುವಷ್ಟರಲ್ಲಿ ಬುಗುರಿ ಮೂರು ಹನಿಯ ಬಟನ್ ಒತ್ತಿಯಾಗಿತ್ತು.

ಹೊರಬಂದಾಗ ಸ್ವೆಟರ್ ಬೊಂಬೆಗೆ ಹೆಣೆದ ಹಾಗಿತ್ತು. ಅಮ್ಮ ಅದನ್ನು ಎದೆಗೆ ಹಿಡಿದು ನೋಡಿದಳು. ತೋಳು ಮೊಣಕೈಯನ್ನೂ ಮುಟ್ಟಲಿಲ್ಲ.

"ಅಜ್ಜಿ ಹೆಣೆದಿದ್ದು," ಎಂದಳು, ಅಷ್ಟೇ.

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆಯವರೆಗೂ ಬುಗುರಿ ಕಾಲು ಸುಟ್ಟ ಬೆಕ್ಕಿನ ಹಾಗೆ ಅಂಗಡಿಗೂ ಬೀದಿಗೂ ಓಡಾಡಿದಳು. ಒಮ್ಮೆ ಒದ್ದೆ ಬಟ್ಟೆಯಿಂದ ಆ ಎರಡು ಹನಿಯ ಬಟನ್ ಒರೆಸಿದಳು. ಬಗ್ಗಿ ನೋಡಿದಳು. ಬಣ್ಣ ಎಲ್ಲೂ ಅಳಿಸಿರಲಿಲ್ಲ. ಅಲ್ಲಿ ಮೂರನೇ ಹನಿ ಯಾವತ್ತೂ ಇರಲೇ ಇಲ್ಲ.

ಅಕ್ಕ ಬಂದಾಗ, ಚಪ್ಪಲಿ ಬಿಡುವುದಕ್ಕೂ ಬಿಡದೆ ಬುಗುರಿ ಅವಳ ಕೈ ಹಿಡಿದೆಳೆದಳು. "ಅಕ್ಕಾ, ಎರಡು ಹನಿ ಅಂದ್ರೆ ಏನು?"

"ಮಂಜುಗಡ್ಡೆ. ಮೊನ್ನೆ ಅದನ್ನೇ ಹೇಳೋಕೆ ಹೊರಟಿದ್ದೆ. ಮೂರು ಹನಿ ಅಂದಿದ್ದೇ ತಡ, ನೀನು ಬೀದೀಲಿದ್ದೆ!"

"ಹಾಗಾದ್ರೆ ಈ ಮೂರು ಹನಿದು?"

"ಎಡಗಡೆ ನೀರು. ಸರಿ. ಬಲಗಡೆ ನೋಡಿದ್ಯಾ? ಮೇಲೆ ಸೂರ್ಯ, ಕೆಳಗೆ ತಟ್ಟೆ. ಬಿಸಿಲಿಗಿಟ್ಟ ನೀರು ಹೇಗಿರತ್ತೆ?"

"ಬೆಚ್ಚಗೆ," ಎಂದಳು ಬುಗುರಿ. ಅವಳ ಕಣ್ಣು ಪುಟ್ಟದಾಗಿದ್ದ ಸ್ವೆಟರಿನ ಕಡೆ ಹೋಯಿತು.

ಅಮ್ಮ ಗಿರಾಕಿಯ ಶಾಲನ್ನು ಮಷೀನಿಗೆ ಹಾಕಿ ಬಾಗಿಲು ಮುಚ್ಚಿದಳು. ಅಕ್ಕನ ಕಡೆ ತಿರುಗಲಿಲ್ಲ.

"ಯಾವುದು ಒತ್ಬೇಕೇ, ಬುಗುರಿ?"

ಬುಗುರಿಗೆ ನಂಬಲಾಗಲಿಲ್ಲ. ಇನ್ನೂ ತನ್ನನ್ನೇ ಕೇಳುತ್ತಿದ್ದಾಳೆ! ಬೆರಳು ತಾನಾಗಿಯೇ ಎರಡು ಹನಿಯ ಬಟನ್ ಕಡೆ ಹಾರಿತು. ಇನ್ನೇನು ಒತ್ತಬೇಕು, ನಿಂತಿತು.

"ತಡಿ ಅಮ್ಮಾ. ಇದರ ಬಲಗಡೆ ಇನ್ನೂ ನೋಡಿಲ್ಲ."

ಅವಳು ಸ್ಟೂಲ್ ಎಳೆದುಕೊಂಡು ಮಷೀನಿನ ಮುಂದೆ ಕೂತಳು.

"ಅಕ್ಕಾ, ಪೂರ್ತಿ ಹೇಳು. ನಾನು ಎಲ್ಲೂ ಹೋಗಲ್ಲ."